ಹಂಚಿಕೊಳ್ಳುವುದು, ಇಟ್ಟುಕೊಳ್ಳುವುದು

ಹೊಸಬರೂ ಹಳಬರೂ ಕೂಡಿದ ಸಭೆಗಳಲ್ಲಿ ಪರಿಚಯದ ಹೊತ್ತಿಗೆ ಹೆಸರು, ಊರು, ಉದ್ಯೋಗಗಳನ್ನು ಹೇಳಿದ ಮೇಲೆ ಇನ್ನೂ ಮೂರು ಸಂಗತಿಗಳನ್ನು ಹೇಳಿಸುವ ರೂಢಿ ಈಚೆಗೆ ಬಂದಿದೆ. ತಮಗೆ ಅತ್ಯಂತ ಪ್ರಿಯವಾದುದು ಯಾವುದು, ಮನೆಯಲ್ಲಿ ನೆನಪಿಗಾಗಿ ಜೋಪಾನವಾಗಿ ಇಟ್ಟುಕೊಂಡ ವಸ್ತು ಯಾವುದು, ಇತರರಿಗೆ ತಿಳಿಯದ ತಮ್ಮ ಒಂದು ವಿಷಯ ಯಾವುದು ಎಂದು ಕೇಳುತ್ತಾರೆ. ಎಳೆಯರು ಸಲೀಸಾಗಿ ಉತ್ತರಿಸುತ್ತಾರೆ. ಮೆಚ್ಚಿನ ಹಾಡು, ಮೆಚ್ಚಿನ ಆಟಗಾರ, ಮೆಚ್ಚಿನ ತಿಂಡಿ ಎಲ್ಲವೂ ಅವರ ನಾಲಿಗೆಯ ತುದಿಯಲ್ಲಿರುತ್ತವೆ. ಹಿರಿಯರ ಸರದಿ ಬಂದಾಗ ಸಭೆ ಸ್ವಲ್ಪ ತಡೆಯುತ್ತದೆ. ಹೆಗಲ ಮೇಲಿನ ವಸ್ತ್ರವನ್ನು ಸರಿಪಡಿಸಿಕೊಂಡೋ ಸೆರಗನ್ನು ಎಳೆದುಕೊಂಡೋ ಅವರು ಆಡುವುದು ಹೆಚ್ಚಾಗಿ ಒಂದೇ ಮಾತು: "ನಮ್ಮದೇನೈತಿ ಹೇಳೂದು?"

ಈ ಮಾತನ್ನು ಸಂಕೋಚವೆಂದು ತಿಳಿದು ನಾವು ನಕ್ಕು ಮುಂದಿನವರ ಕಡೆಗೆ ತಿರುಗುತ್ತೇವೆ. ನಿಧಾನವಾಗಿ ಯೋಚಿಸಿದರೆ ಅದರೊಳಗೆ ಬದುಕಿನ ಒಂದು ನಿಲುವು ಅಡಗಿರುವುದು ಕಾಣುತ್ತದೆ. ತನ್ನ ವಿಷಯವನ್ನು ತಾನೇ ಎತ್ತಿ ಆಡುವುದು ಸಲ್ಲದು ಎಂದು ನಂಬಿ ಬಾಳಿದ ಒಂದು ತಲೆಮಾರಿನ ಮಾತು ಅದು. ಆದ್ದರಿಂದ ಅದಕ್ಕೆ ಉತ್ತರವನ್ನೂ ಅಷ್ಟೇ ಗಂಭೀರವಾಗಿ ಹುಡುಕಬೇಕಾಗುತ್ತದೆ. ತನ್ನನ್ನು ಕುರಿತು ಹೇಳಿಕೊಳ್ಳುವುದು ಲೇಸೋ, ಸುಮ್ಮನಿರುವುದು ಲೇಸೋ? ಹೇಳುವುದಾದರೆ ಏನನ್ನು ಹೇಳಬೇಕು, ಏನನ್ನು ಇಟ್ಟುಕೊಳ್ಳಬೇಕು? ಮನೆಯೊಳಗೆ ಒಂದು ಭಾಷೆ, ಪೇಟೆಯಲ್ಲಿ ಇನ್ನೊಂದು ಭಾಷೆ ಆಡುವ ಗಡಹಿಂಗ್ಲಜದಂಥ ಊರಿನ ನಮಗೆ ಈ ಪ್ರಶ್ನೆ ಬರಿಯ ಸಭೆಯ ವಿನೋದವಾಗಿ ಉಳಿಯುವುದಿಲ್ಲ.

ಸುಮ್ಮನಿರುವವರ ಪಕ್ಷವನ್ನು ಮೊದಲು ಕೇಳೋಣ. ಅದು ದುರ್ಬಲವಾದ ಪಕ್ಷವಲ್ಲ. ಆತ್ಮಸ್ತುತಿಯನ್ನು ನಮ್ಮ ಶರಣರು ಪರನಿಂದೆಯ ಪಕ್ಕದಲ್ಲಿಯೇ ಇಟ್ಟು ಎರಡನ್ನೂ ಒಟ್ಟಿಗೆ ನಿಷೇಧಿಸಿದರು. ತನ್ನ ಬೆನ್ನು ತನಗೆ ಕಾಣದು ಎಂಬ ಗಾದೆ ಹಳ್ಳಿಹಳ್ಳಿಗೂ ಗೊತ್ತು; ತನ್ನ ಬೆನ್ನೇ ಕಾಣದವನು ತನ್ನ ಗುಣಾವಗುಣಗಳನ್ನು ಹೇಗೆ ವರ್ಣಿಸಿಯಾನು? ಹೊಸಗನ್ನಡದ ದೊಡ್ಡ ಲೇಖಕರಲ್ಲಿಯೂ ಈ ಮನೋಧರ್ಮವನ್ನು ಕಾಣುತ್ತೇವೆ. ಡಿ. ವಿ. ಗುಂಡಪ್ಪನವರು "ಜ್ಞಾಪಕ ಚಿತ್ರಶಾಲೆ"ಯನ್ನು ಸಂಪುಟ ಸಂಪುಟವಾಗಿ ಬರೆದರು. ಅದರಲ್ಲಿ ನೂರಾರು ಜನರ ಚಿತ್ರಗಳಿವೆ: ವಿದ್ವಾಂಸರು, ಸಂಗೀತಗಾರರು, ಆಡಳಿತಗಾರರು, ಹೆಸರಿಲ್ಲದ ಸಾಮಾನ್ಯರು. ಬರೆದವರು ಮಾತ್ರ ಬಾಗಿಲ ಮರೆಯಲ್ಲಿ ನಿಂತು ಬಂದವರನ್ನು ತೋರಿಸುತ್ತಾರೆ. ಅವರ ನೆನಪಿನ ಮನೆಯಲ್ಲಿ ಅವರಿಗಿಂತ ಅತಿಥಿಗಳಿಗೆ ಹೆಚ್ಚು ಜಾಗ. ಇಂಥ ಪರಂಪರೆಯಲ್ಲಿ ಬೆಳೆದ ಹಿರಿಯರು ಸಭೆಯಲ್ಲಿ ತಮ್ಮ ಇಷ್ಟಾನಿಷ್ಟಗಳನ್ನು ಸಾರಲು ಹಿಂಜರಿದರೆ ಅದನ್ನು ಹಳೆಯ ಕಾಲದ ಕೊರತೆಯೆಂದು ತಳ್ಳಿಹಾಕಲಾಗದು.

ಆದರೆ ನಮ್ಮ ನುಡಿಯೇ ಇಲ್ಲಿ ಒಂದು ಸೂಕ್ಷ್ಮವನ್ನು ತೋರಿಸುತ್ತದೆ. ಕನ್ನಡದಲ್ಲಿ ಹೇಳುವುದು ಬೇರೆ, ಹೇಳಿಕೊಳ್ಳುವುದು ಬೇರೆ. ಕೊಚ್ಚುವುದು ಸೌದೆಯನ್ನು, ಕೊಚ್ಚಿಕೊಳ್ಳುವುದು ತನ್ನನ್ನು. ದುಃಖವನ್ನು ತೋಡಿಕೊಳ್ಳುತ್ತೇವೆ, ತಪ್ಪನ್ನು ಒಪ್ಪಿಕೊಳ್ಳುತ್ತೇವೆ, ಸಂತೋಷವನ್ನು ಹಂಚಿಕೊಳ್ಳುತ್ತೇವೆ. ಹಂಚಿದರೆ ಕೈಯಲ್ಲಿದ್ದುದು ಕೊಟ್ಟವನಿಂದ ಹೋಗುತ್ತದೆ. ಹಂಚಿಕೊಂಡರೆ ಕೊಟ್ಟವನ ಪಾಲೂ ಅವನಲ್ಲಿಯೇ ಉಳಿಯುತ್ತದೆ. ಬುತ್ತಿಯ ಗಂಟನ್ನು ಬಿಚ್ಚಿ ರೊಟ್ಟಿಯನ್ನು ಹಂಚಿಕೊಂಡು ತಿಂದವರಿಗೆ ಇದನ್ನು ವ್ಯಾಕರಣದಿಂದ ಕಲಿಸಬೇಕಾಗಿಲ್ಲ. ಹೀಗೆ ಒಂದೇ "ಕೊಳ್ಳು" ಎಂಬ ಪದ ಬಡಾಯಿಗೂ ಸೇರುತ್ತದೆ, ಬುತ್ತಿಗೂ ಸೇರುತ್ತದೆ. ತನ್ನ ವಿಷಯ ಹೇಳುವುದೆಲ್ಲ ಆತ್ಮಸ್ತುತಿಯಾಗಬೇಕಾಗಿಲ್ಲ. ಕೊಚ್ಚಿಕೊಳ್ಳುವುದಕ್ಕೂ ಹಂಚಿಕೊಳ್ಳುವುದಕ್ಕೂ ನಡುವಿನ ಗೆರೆ ಎಲ್ಲಿದೆ ಎಂಬುದಷ್ಟೇ ಪ್ರಶ್ನೆ.

ಆ ಗೆರೆಯನ್ನು ಆತ್ಮಸ್ತುತಿಯನ್ನು ನಿಷೇಧಿಸಿದ ಶರಣರಲ್ಲಿಯೇ ಹುಡುಕಬಹುದು. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಕೂಡಿದ ಆ ಜನ ತಮ್ಮ ಬಗೆಗೆ ಏನನ್ನೂ ಹೇಳದೆ ಇದ್ದವರಲ್ಲ. ಅಂಬಿಗರ ಚೌಡಯ್ಯ, ಮಡಿವಾಳ ಮಾಚಯ್ಯ, ನುಲಿಯ ಚಂದಯ್ಯ, ಮೋಳಿಗೆಯ ಮಾರಯ್ಯ, ಆಯ್ದಕ್ಕಿ ಲಕ್ಕಮ್ಮ ಎಂಬ ಹೆಸರುಗಳನ್ನೇ ನೋಡಿ. ದೋಣಿ ನಡೆಸುವುದು, ಬಟ್ಟೆ ಒಗೆಯುವುದು, ಹಗ್ಗ ಹೊಸೆಯುವುದು, ಸೌದೆಯ ಹೊರೆ ಹೊರುವುದು, ಚೆಲ್ಲಿದ ಅಕ್ಕಿಯನ್ನು ಆಯುವುದು: ಬೇರೊಂದು ಸಮಾಜದಲ್ಲಿ ಮುಚ್ಚಿಡಬೇಕಾಗಿದ್ದ ಸಂಗತಿಗಳನ್ನು ಅವರು ಹೆಸರಿನ ಮುಂದೆಯೇ ಕಟ್ಟಿಕೊಂಡರು. ಅವರಲ್ಲಿ ಹೆಚ್ಚಿನವರು ತಮ್ಮ ಇಷ್ಟದೈವದ ಹೆಸರನ್ನು ವಚನದ ಅಂಕಿತವಾಗಿ ಇಟ್ಟರು. ತಾವು ದೊಡ್ಡವರೆಂದು ಅವರು ಹೇಳಲಿಲ್ಲ. ತಮ್ಮ ಕೈ ಏನು ಮಾಡುತ್ತದೆ, ತಮ್ಮ ಮನಸ್ಸು ಯಾರಿಗೆ ಸಂದಿದೆ ಎಂಬೆರಡನ್ನು ಹೇಳಿದರು. ಎಂಟುನೂರು ವರ್ಷಗಳ ಮೇಲೂ ಅವರನ್ನು ನಾವು ಗುರುತಿಸುವುದು ಆ ಎರಡರಿಂದಲೇ.

ಬಡಾಯಿಯ ಆಯುಸ್ಸು ಕಡಿಮೆ, ಸಣ್ಣ ಸಂಗತಿಯ ಆಯುಸ್ಸು ಹೆಚ್ಚು ಎಂಬುದಕ್ಕೆ ನಮ್ಮ ಕೊಲ್ಹಾಪುರ ಸೀಮೆಯ ಶಾಸನಗಳೂ ಸಾಕ್ಷಿಯಾಗಿವೆ. ಕೊಲ್ಹಾಪುರದ ರಾಜಾರಾಮ ಕಾಲೇಜಿನಲ್ಲಿ ಕನ್ನಡ ಪ್ರಾಧ್ಯಾಪಕರಾಗಿದ್ದ ಕೆ. ಜಿ. ಕುಂದಣಗಾರರು ಉತ್ತರ ಕರ್ನಾಟಕದ ಮತ್ತು ಕೊಲ್ಹಾಪುರ ಸಂಸ್ಥಾನದ ಶಾಸನಗಳನ್ನು ಕೂಡಿಹಾಕಿ 1939ರಲ್ಲಿ ಪ್ರಕಟಿಸಿದರು. ಮುಂದೆ 1961ರಲ್ಲಿ ಗದಗಿನಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರಾದರು. ಶಿಲಾಹಾರ ಅರಸರ ಕಾಲದ ಕನ್ನಡ ಶಾಸನಗಳನ್ನು ಓದಿದರೆ ಮೊದಲು ಬರುವುದು ಬಿರುದುಗಳ ಸಾಲು. ತಗರಪುರವರಾಧೀಶ್ವರ ಎಂದು ಆರಂಭಿಸಿ ಅರಸನ ಶೌರ್ಯ, ಔದಾರ್ಯ, ರೂಪಗಳ ವರ್ಣನೆ ಉದ್ದಕ್ಕೆ ಹರಿಯುತ್ತದೆ. ಇಂದು ಯಾವ ಓದುಗನೂ ಅದಕ್ಕಾಗಿ ಶಾಸನವನ್ನು ಓದುವುದಿಲ್ಲ. ದೇವರ ನಂದಾದೀಪಕ್ಕೆ ಗಾಣದಿಂದ ಎಷ್ಟು ಎಣ್ಣೆ, ಎಲೆಯ ಹೇರಿಗೆ ಎಷ್ಟು ಸುಂಕ, ದಾನದ ಹೊಲದ ಮೂಡಣಕ್ಕೆ ಯಾವ ಹಳ್ಳ, ಸಾಕ್ಷಿಗೆ ಯಾವ ವರ್ತಕರು ಎಂಬ ಕೊನೆಯ ಸಾಲುಗಳಿಗೆ ಬಂದಾಗ ಮಾತ್ರ ಕಲ್ಲು ಮನುಷ್ಯನಂತೆ ಮಾತನಾಡತೊಡಗುತ್ತದೆ. ಬರೆಯಿಸಿದವರು ಲೆಕ್ಕಕ್ಕಾಗಿ ಬರೆಯಿಸಿದ್ದು ನಮಗೆ ನಿಧಿಯಾಯಿತು. ಹೊಗಳಿಕೆಗಾಗಿ ಬರೆಯಿಸಿದ್ದು ಬರಿಯ ಅಕ್ಷರವಾಗಿ ಉಳಿಯಿತು.

ದೂರದ ದೇಶದ ಒಂದು ಉದಾಹರಣೆಯೂ ಇದೇ ಮಾತನ್ನು ಹೇಳುತ್ತದೆ. ಫ್ರಾನ್ಸಿನ ಮೊಂತೇನ್ 1580ರಲ್ಲಿ ತನ್ನ ಪ್ರಬಂಧಗಳ ಮೊದಲ ಭಾಗಗಳನ್ನು ಅಚ್ಚು ಹಾಕಿಸಿ, ಈ ಪುಸ್ತಕಕ್ಕೆ ತಾನೇ ವಿಷಯವೆಂದು ಓದುಗರಿಗೆ ತಿಳಿಸಿದನು. ಆಮೇಲಿನ ಪ್ರಬಂಧವೊಂದರಲ್ಲಿ ತನಗೆ ಕರಬೂಜದ ಹಣ್ಣು ಬಹಳ ಇಷ್ಟವೆಂದೂ, ಮೂಲಂಗಿ ಮೊದಲು ಮೈಗೆ ಒಗ್ಗುತ್ತಿತ್ತು, ನಡುವೆ ಒಗ್ಗಲಿಲ್ಲ, ಈಗ ಮತ್ತೆ ಒಗ್ಗುತ್ತಿದೆ ಎಂದೂ ಬರೆದನು. ಇಂಥ ಕ್ಷುಲ್ಲಕ ವಿಷಯವನ್ನು ನಾಲ್ಕುನೂರು ವರ್ಷಗಳಿಂದ ಲೋಕ ಓದುತ್ತ ಬಂದಿದೆಯೆಂದರೆ ಅಚ್ಚರಿಯಲ್ಲವೆ? ಮೂಲಂಗಿಯ ಮಾತಿನಲ್ಲಿ ಒಬ್ಬ ಮನುಷ್ಯ ಕಾಲದೊಡನೆ ಬದಲಾಗುತ್ತ ಹೋಗುವುದನ್ನು ನಾವು ನೋಡುತ್ತೇವೆ, ಮತ್ತು ನಮ್ಮ ಮೈಯೂ ಮನಸ್ಸೂ ಹೀಗೆಯೇ ಎಂದು ನೆನೆಯುತ್ತೇವೆ. ಅವನು ತನ್ನನ್ನು ಕುರಿತು ಹೇಳಿದ್ದರಿಂದ ಕೇಳುವವನಿಗೆ ತನ್ನ ಪರಿಚಯವಾಯಿತು. ಹಂಚಿಕೊಂಡ ಮಾತನ್ನು ಗುರುತಿಸುವ ಒಂದು ಲಕ್ಷಣ ಇಲ್ಲಿ ಸಿಗುತ್ತದೆ: ಕೊಚ್ಚಿಕೊಂಡ ಮಾತನ್ನು ಕೇಳಿದವನು ತಾನು ಸಣ್ಣವನಾದೆನೆಂದು ಭಾವಿಸುತ್ತಾನೆ, ಹಂಚಿಕೊಂಡ ಮಾತನ್ನು ಕೇಳಿದವನಿಗೆ ತನ್ನದೂ ಒಂದು ಮಾತು ನೆನಪಾಗುತ್ತದೆ.

ಈಗ ಇಷ್ಟದ ವಿಷಯಕ್ಕೆ ಬರೋಣ. ಇಷ್ಟವೆಂಬುದನ್ನು ನಾವು ಸ್ವಂತದ ಆಯ್ಕೆಯೆಂದು ತಿಳಿದಿರುತ್ತೇವೆ. ಬಿಡಿಸಿ ನೋಡಿದರೆ ಅದರ ಹಿಂದೆ ಯಾರೋ ಒಬ್ಬರು ನಿಂತಿರುತ್ತಾರೆ. ಜೋಳದ ರೊಟ್ಟಿಯೂ ಶೇಂಗಾ ಚಟ್ನಿಯೂ ಇಷ್ಟವೆಂದರೆ ಆ ರೊಟ್ಟಿಯನ್ನು ಬಡಿದ ಕೈಗಳ ಸಪ್ಪಳ ಅದರೊಳಗಿದೆ. ಸಂಕೇಶ್ವರದ ಮೆಣಸಿನಕಾಯಿಯ ಖಾರವೇ ಬೇಕೆಂಬುದು ನಾಲಿಗೆಯ ಹಟವೆಂದು ತೋರುತ್ತದೆ. ಅದನ್ನು ಅಂಗಳದಲ್ಲಿ ಒಣಹಾಕಿ, ತೊಟ್ಟು ಮುರಿದು, ಹುರಿದು, ಕುಟ್ಟಿ, ವರ್ಷದ ಖಾರಪುಡಿ ಮಾಡಿಟ್ಟ ಹೆಣ್ಣುಮಕ್ಕಳ ಪಾಠ ಅದು. ಕಬ್ಬಿನ ಕಾಲದಲ್ಲಿ ಬಿಸಿ ಬೆಲ್ಲವನ್ನು ಎಲೆಯ ಮೇಲೆ ಹಾಕಿಸಿಕೊಂಡು ತಿಂದವರಿಗೆ ಆ ರುಚಿಯ ಜೊತೆಗೆ ಕೊಪ್ಪರಿಗೆಯ ಹೊಗೆ, ಹಾಕಿಕೊಟ್ಟವರ ಮುಖ ಎರಡೂ ಇಷ್ಟವೇ. ಧಾರವಾಡದ ಆಕಾಶವಾಣಿ, ಸಾಂಗಲಿಯ ಆಕಾಶವಾಣಿ ಎರಡನ್ನೂ ಒಂದೇ ರೇಡಿಯೋದಲ್ಲಿ ತಿರುಗಿಸಿ ಕೇಳಿದ ಮನೆಗಳಲ್ಲಿ ವಚನ ಗಾಯನವೂ ಅಭಂಗವೂ ಒಟ್ಟಿಗೆ ಇಷ್ಟವಾದವು. ಮಲ್ಲಿಕಾರ್ಜುನ ಮನ್ಸೂರರು ಮಿರಜದಲ್ಲಿ ನೀಲಕಂಠಬುವಾ ಅವರ ಬಳಿ ಕಲಿತು, ಆಮೇಲೆ ಅಲ್ಲಾದಿಯಾ ಖಾನರ ಮಕ್ಕಳಾದ ಮಂಜಿ ಖಾನ್, ಬುರ್ಜಿ ಖಾನರಲ್ಲಿ ಕಲಿತು, ಆ ಗಾಯಕಿಯಲ್ಲಿ ಕನ್ನಡ ವಚನಗಳನ್ನು ಹಾಡಿದರು. ಅವರ ಆತ್ಮಕಥೆ "ನನ್ನ ರಸಯಾತ್ರೆ"ಯನ್ನು ಓದಿದವರಿಗೆ ಒಬ್ಬ ಗಾಯಕನ ಇಷ್ಟದ ಕಥೆಯೆಂದರೆ ಅವನ ಗುರುಗಳ ಕಥೆಯೆಂಬುದು ತಿಳಿಯುತ್ತದೆ.

ಹೀಗಿರುವಾಗ ಮೆಚ್ಚಿನದು ಯಾವುದೆಂದು ಕೇಳಿದಾಗ ವಸ್ತುವಿನ ಹೆಸರನ್ನಷ್ಟೇ ಹೇಳಿದರೆ ಉತ್ತರ ಅರ್ಧವಾಯಿತು. ಯಾರಿಂದ ಅದು ಮೆಚ್ಚಿನದಾಯಿತು ಎಂಬುದು ಉಳಿದರ್ಧ. ಎಳೆಯರ ಮೆಚ್ಚಿನ ಪಟ್ಟಿಯನ್ನು ಕಂಡು ಅದೆಲ್ಲ ಪೇಟೆಯಲ್ಲಿ ಸಿಗುವ ಸರಕು ಎಂದು ಹಿರಿಯರು ಮೂಗು ಮುರಿಯಬೇಕಾಗಿಲ್ಲ. ಆ ಮಗುವಿಗೂ ಆ ಹಾಡನ್ನು ಮೊದಲು ಕೇಳಿಸಿದ ಅಕ್ಕನೋ ಗೆಳೆಯನೋ ಇದ್ದೇ ಇರುತ್ತಾರೆ. ಮುಂದಿನ ಪ್ರಶ್ನೆಯನ್ನು ಕೇಳುವವರು ಬೇಕು.

ಇಟ್ಟುಕೊಂಡ ವಸ್ತುಗಳ ಕಥೆ ಇನ್ನೂ ಸೂಕ್ಷ್ಮವಾದುದು. ನಮ್ಮ ತಾಲೂಕಿನ ಎಷ್ಟೋ ಮನೆಗಳ ಅಟ್ಟದ ಮೇಲೆ ಒಂದು ತಗಡಿನ ಟ್ರಂಕು ಇರುತ್ತದೆ. ಅದರಲ್ಲಿ ಹೊಲದ ಹಳೆಯ ಕಾಗದಗಳು ಮೋಡಿ ಲಿಪಿಯಲ್ಲಿ, ಸಂಕೇಶ್ವರ ಹುಕ್ಕೇರಿಗಳ ಕಡೆಯ ಬೀಗರ ಪತ್ರಗಳು ಕನ್ನಡ ಲಿಪಿಯಲ್ಲಿ, ಶಾಲೆಯ ದಾಖಲೆಗಳು ದೇವನಾಗರಿಯಲ್ಲಿ ಒಂದರ ಮೇಲೊಂದು ಮಲಗಿರುತ್ತವೆ. ಕೊಲ್ಹಾಪುರ ಸಂಸ್ಥಾನ 1949ರ ಮಾರ್ಚ್ 1ರಂದು ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. 1956ರ ನವೆಂಬರ್ 1ರಂದು ನೆರೆಯ ಬೆಳಗಾವಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. 1960ರ ಮೇ 1ರಂದು ಮಹಾರಾಷ್ಟ್ರ ರಾಜ್ಯ ಹುಟ್ಟಿತು. ಹೊಸ್ತಿಲನ್ನು ದಾಟದೆ ಮನೆಯಲ್ಲಿಯೇ ಕುಳಿತ ಅಜ್ಜನೊಬ್ಬ ಸಂಸ್ಥಾನದ ಪ್ರಜೆಯಾಗಿ ಹುಟ್ಟಿ ಮಹಾರಾಷ್ಟ್ರದ ಪ್ರಜೆಯಾಗಿ ಮುಪ್ಪಾದನು. ಆ ಎಲ್ಲ ಬದಲಾವಣೆಗಳ ಮೊಹರುಗಳು ಟ್ರಂಕಿನಲ್ಲಿವೆ. ಆದರೆ ಮೊಮ್ಮಗನಿಗೆ ಮೋಡಿಯೂ ಬಾರದು, ಮರಾಠಿ ಶಾಲೆಯಲ್ಲಿ ಕಲಿತದ್ದರಿಂದ ಕನ್ನಡ ಅಕ್ಷರವೂ ಬಾರದು. ಕಾಗದಗಳು ಜೋಪಾನವಾಗಿಯೇ ಇವೆ. ಅವುಗಳ ಮಾತು ಮಾತ್ರ ಹೋಗಿದೆ.

ಕೌದಿಯನ್ನು ನೋಡಿದರೆ ಇದು ಇನ್ನಷ್ಟು ಸ್ಪಷ್ಟವಾಗುತ್ತದೆ. ಹಳೆಯ ಇಳಕಲ್ಲ ಸೀರೆ, ಹರಿದ ಕುಬಸ, ಧೋತರದ ಅಂಚು, ಮಕ್ಕಳ ಅಂಗಿ ಎಲ್ಲವನ್ನೂ ತುಂಡು ತುಂಡಾಗಿ ಜೋಡಿಸಿ ಒತ್ತೊತ್ತಾಗಿ ಹೊಲಿದ ಕೌದಿ ಒಂದು ಮನೆತನದ ಚರಿತ್ರೆ. ಈ ತುಂಡು ಅತ್ತೆಯ ಮದುವೆಯ ಸೀರೆಯದು, ಇದು ದೊಡ್ಡ ಮಗ ಶಾಲೆಗೆ ಹೋದ ಮೊದಲ ದಿನ ತೊಟ್ಟದ್ದು, ಇದು ತವರಿನಿಂದ ಬಂದದ್ದು ಎಂದು ಹೊಲಿದವರು ಬೆರಳಿಟ್ಟು ಹೇಳಬಲ್ಲರು. ಅವರು ಹೇಳದೆ ಹೋದರೆ ಆ ಕೌದಿಗೂ ಪೇಟೆಯಲ್ಲಿ ಕೊಂಡ ಚಾದರಕ್ಕೂ ಬೆಚ್ಚಗಿಡುವುದರಲ್ಲಿ ಮಾತ್ರ ವ್ಯತ್ಯಾಸ. ಬಹುಶಃ ಚಾದರವೇ ಹಗುರ. ಮುಚ್ಚಿಟ್ಟುದು ಅನ್ಯರ ಪಾಲಾಗುತ್ತದೆ, ಕೊಟ್ಟದ್ದೇ ನಮ್ಮದಾಗಿ ಉಳಿಯುತ್ತದೆ ಎಂಬ ಅರ್ಥದ ಸರ್ವಜ್ಞನ ಉಪದೇಶವನ್ನು ನಾವು ಹಣಕ್ಕೆ ಅನ್ವಯಿಸಿಕೊಂಡು ಬಂದಿದ್ದೇವೆ. ನೆನಪಿಗೆ ಅದು ಇನ್ನೂ ಹೆಚ್ಚು ಸಲ್ಲುತ್ತದೆ. ಮುಚ್ಚಿಟ್ಟ ಹಣ ಅನ್ಯರಿಗಾದರೂ ಸಿಕ್ಕೀತು. ಹೇಳದೆ ಇಟ್ಟುಕೊಂಡ ನೆನಪು ಯಾರಿಗೂ ಸಿಗದೆ ಹೋಗುತ್ತದೆ.

ಹಾಗೆಂದು ಎಲ್ಲವನ್ನೂ ಬಿಚ್ಚಿ ಹೇಳಬೇಕೆಂದು ನಾವು ಹೇಳುತ್ತಿಲ್ಲ. ಅದೇ ಕೌದಿಯಲ್ಲಿ ಹೊಲಿದವರು ಬೆರಳಿಡದೆ ದಾಟಿಹೋಗುವ ತುಂಡುಗಳೂ ಇರುತ್ತವೆ. ಎಳವೆಯಲ್ಲಿ ತೀರಿಹೋದ ಮಗುವಿನ ಅಂಗಿ, ಗಂಡನನ್ನು ಕಳೆದುಕೊಂಡ ಮಗಳು ಮತ್ತೆ ಉಡದ ಸೀರೆ, ಮಾತುಕತೆ ನಿಂತುಹೋದ ಸಂಬಂಧಿಯ ಉಡುಗೊರೆ. ಅವುಗಳ ಕಥೆ ಹೇಳುವವರೊಬ್ಬರದೇ ಸೊತ್ತಾಗಿರುವುದಿಲ್ಲ. ಒಬ್ಬರ ಬದುಕಿನ ಗುಟ್ಟು ಇನ್ನೊಬ್ಬರ ನೋವಿನೊಡನೆ ಹೆಣೆದುಕೊಂಡಿರುವಾಗ ಆ ಇನ್ನೊಬ್ಬರ ಒಪ್ಪಿಗೆಯಿಲ್ಲದೆ ಅದನ್ನು ಸಭೆಗೆ ತರುವುದು ಹಂಚಿಕೊಳ್ಳುವುದಾಗದು, ಪರರ ಬುತ್ತಿಯನ್ನು ಬಿಚ್ಚಿದಂತಾಗುತ್ತದೆ. ಕೇಳುವವರೂ ಇದನ್ನು ತಿಳಿದಿರಬೇಕು. ಹೇಳಲು ಒಲ್ಲದವರನ್ನು ನಗೆಯ ನೆಪದಲ್ಲಿ ಒತ್ತಾಯಿಸಿ ಹೇಳಿಸುವುದು ಸಭ್ಯತೆಯಲ್ಲ. ಮೌನವೂ ಕೆಲವರು ಜೋಪಾನವಾಗಿ ಇಟ್ಟುಕೊಂಡ ವಸ್ತುವೇ.

ಇಂಥ ನೋವನ್ನು ಹೇಳದೆಯೂ ಹೇಳುವ ಒಂದು ದಾರಿಯನ್ನು ನಮ್ಮ ಹೆಣ್ಣುಮಕ್ಕಳು ಕಂಡುಕೊಂಡಿದ್ದರು. ನಸುಕಿನಲ್ಲಿ ಬೀಸುವ ಕಲ್ಲಿನ ಮುಂದೆ ಕುಳಿತು ಅವರು ಹಾಡಿದ ಹಾಡುಗಳಲ್ಲಿ ತವರಿನ ಹಂಬಲವಿದೆ, ತಾಯಿಯ ನೆನಪಿದೆ, ಅಣ್ಣನ ಮೇಲಿನ ಪ್ರೀತಿಯಿದೆ, ಅತ್ತೆಮನೆಯ ಕಷ್ಟವಿದೆ. ಹಾಡಿದವರ ಹೆಸರಿಲ್ಲ. ವಿಜಯಪುರ ಜಿಲ್ಲೆಯ ಹಲಸಂಗಿಯ ಗೆಳೆಯರು ಅವನ್ನು ಕೂಡಿಸಿ "ಗರತಿಯ ಹಾಡು" ಎಂಬ ಸಂಕಲನವನ್ನು ಹೊರತಂದಾಗ, ಓದಿದ ಒಬ್ಬೊಬ್ಬ ಹೆಣ್ಣುಮಗಳಿಗೂ ಅದು ತನ್ನದೇ ಮಾತೆನಿಸಿತು. ಹಿರಣ್ಯಕೇಶಿಯ ಈ ದಡದ ಮನೆಗಳಲ್ಲಿ ಕನ್ನಡದ ಬೀಸುವ ಪದವೂ ಮರಾಠಿಯ ಓವಿಯೂ ಒಂದೇ ಕಲ್ಲಿನ ಸದ್ದಿಗೆ ಹಾಡಿದವು. ತನ್ನ ಒಳಗಿನದನ್ನು ಹೇಳಿಯೂ ತನ್ನನ್ನು ಮುಂದೆ ಮಾಡದೆ ಇರುವ ಈ ರೀತಿ, ಹಂಚಿಕೊಳ್ಳುವ ಕಲೆಯಲ್ಲಿ ಅತ್ಯಂತ ಹಿರಿಯದೆಂದು ನಮಗೆ ತೋರುತ್ತದೆ.

ಇಲ್ಲಿಯವರೆಗೆ ನೋಡಿದ್ದನ್ನು ಕೂಡಿಸಿದರೆ ಮೊದಲ ಪ್ರಶ್ನೆಗೆ ಒಂದು ಉತ್ತರ ಸಿಗುತ್ತದೆ. ನಾವು ಗಳಿಸಿದ್ದನ್ನು ಕುರಿತು ಸುಮ್ಮನಿರಬಹುದು. ಅದನ್ನು ಹೇಳುವವರು ಬೇರೆಯವರಿದ್ದಾರೆ, ಇಲ್ಲದಿದ್ದರೂ ನಷ್ಟವಿಲ್ಲ. ಪರರಿಗೆ ಸೇರಿದ್ದನ್ನು ಕುರಿತು ಸುಮ್ಮನಿರಲೇಬೇಕು. ಆದರೆ ನಾವು ಪಡೆದದ್ದನ್ನು ಕುರಿತು ಸುಮ್ಮನಿರುವ ಹಕ್ಕು ನಮಗೆ ಪೂರ್ತಿಯಾಗಿ ಇಲ್ಲ. ಪಡೆದದ್ದು ಋಣ. ಋಣವನ್ನು ಬಾಯಿಬಿಟ್ಟು ಹೇಳುವುದು ಅದನ್ನು ತೀರಿಸುವ ಮೊದಲ ಕಂತು. "ನಮ್ಮದೇನೈತಿ ಹೇಳೂದು" ಎಂಬ ಹಿರಿಯರ ಮಾತು ಒಂದರ್ಥದಲ್ಲಿ ದಿಟವೇ: ಹೇಳಬೇಕಾದದ್ದು ಅವರೊಬ್ಬರದೇ ಆಗಿಲ್ಲ. ಅದಕ್ಕಾಗಿಯೇ ಅದನ್ನು ಹೇಳಬೇಕು.

ಈ ಊರಿನ ಅನೇಕರು ಹೀಗೆ ಪಡೆದ ವಸ್ತುಗಳಲ್ಲಿ ಮೊದಲನೆಯದು, ಎಲ್ಲಕ್ಕಿಂತ ಕಡಿಮೆ ಹೇಳಿಕೊಳ್ಳುವುದು, ಮನೆಯ ಕನ್ನಡ. ಪೇಟೆಯಲ್ಲಿ ಮರಾಠಿಯಲ್ಲಿ ವ್ಯಾಪಾರ ಮಾಡಿ, ಕಚೇರಿಯಲ್ಲಿ ಮರಾಠಿಯಲ್ಲಿ ಅರ್ಜಿ ಬರೆದು, ಮನೆಯ ಹೊಸ್ತಿಲು ದಾಟಿದೊಡನೆ ಅವ್ವನೊಡನೆ ಕನ್ನಡಕ್ಕೆ ಹೊರಳುವ ಜನ ನಮ್ಮಲ್ಲಿ ಎಷ್ಟೋ ಇದ್ದಾರೆ. ವರ್ಷಗಟ್ಟಲೆ ಒಂದೇ ಬೆಂಚಿನ ಮೇಲೆ ಕುಳಿತ ಗೆಳೆಯನಿಗೂ ಇದು ತಿಳಿದಿರುವುದಿಲ್ಲ. ಕಾನಡಿ ಎಂಬ ಶಬ್ದವನ್ನು ಯಾರೋ ಚೇಷ್ಟೆಗೆ ಆಡಿದರೆಂದು ಒಬ್ಬ ಹುಡುಗ ಶಾಲೆಯಲ್ಲಿ ತನ್ನ ಮನೆಮಾತನ್ನು ನುಂಗಿಕೊಳ್ಳುತ್ತಾನೆ. ಅವನ ಮಕ್ಕಳಿಗೆ ನುಂಗಿಕೊಳ್ಳಲು ಮಾತೇ ಉಳಿಯುವುದಿಲ್ಲ. ಆ ಹುಡುಗನಿಗೆ ನಾವು ತಿಳಿಸಬೇಕಾದ ವಿಷಯ ಒಂದಿದೆ: ಪಂಢರಪುರದ 'ವಿಠ್ಠಲ'ನನ್ನು ಕನ್ನಡದವನೆಂದು ಅಕ್ಕರೆಯಿಂದ ಕರೆದವರು ಮರಾಠಿಯ ಸಂತರೇ.

ಮಾತಿನಿಂದ ಮನುಷ್ಯನನ್ನು ಗುರುತಿಸುವುದು ಹೊಸದಲ್ಲ. ಕ್ರಿ. ಶ. 779ರಲ್ಲಿ ಉದ್ಯೋತನಸೂರಿ ಪ್ರಾಕೃತದಲ್ಲಿ ರಚಿಸಿದ "ಕುವಲಯಮಾಲಾ"ದಲ್ಲಿ ಒಂದು ಪೇಟೆಯ ವರ್ಣನೆ ಬರುತ್ತದೆ. ನಾನಾ ದೇಶಗಳ ವರ್ತಕರು ಅಲ್ಲಿ ಕೂಡಿದ್ದಾರೆ. ಕವಿ ಅವರನ್ನು ಅವರವರ ಭಾಷೆಯ ಒಂದೆರಡು ತುಣುಕುಗಳಿಂದ ಪರಿಚಯಿಸುತ್ತಾನೆ. ಅವರಲ್ಲಿ ಕರ್ಣಾಟದವನೂ ಇದ್ದಾನೆ, ಮರಹಟ್ಟನೂ ಇದ್ದಾನೆ. ಈ ಗ್ರಂಥವನ್ನು ಸಂಪಾದಿಸಿ ಲೋಕಕ್ಕೆ ಕೊಟ್ಟವರು ಡಾ. ಆ. ನೇ. ಉಪಾಧ್ಯೆ. ಚಿಕ್ಕೋಡಿ ಸೀಮೆಯ ಸದಲಗಾದಲ್ಲಿ 1906ರಲ್ಲಿ ಹುಟ್ಟಿ, ಕೊಲ್ಹಾಪುರದ ರಾಜಾರಾಮ ಕಾಲೇಜಿನಲ್ಲಿ ಅರ್ಧಮಾಗಧಿಯನ್ನು ಕಲಿಸುತ್ತ, ಬಹುಪಾಲು ಇಂಗ್ಲಿಷಿನಲ್ಲಿ ಬರೆದ ಈ ವಿದ್ವಾಂಸರು 1967ರಲ್ಲಿ ಶ್ರವಣಬೆಳಗೊಳದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪೀಠದಲ್ಲಿ ಕುಳಿತರು. ವಿದ್ಯೆಗೆ ಪ್ರಾಕೃತ, ವೃತ್ತಿಗೆ ಇಂಗ್ಲಿಷು, ಊರಿಗೆ ಮರಾಠಿ ಎಲ್ಲವನ್ನೂ ಒಲಿಸಿಕೊಂಡು ಕನ್ನಡವನ್ನು ಬಿಡದೆ ಬಾಳಬಹುದೆಂಬುದಕ್ಕೆ ನಮಗೆ ದೂರದ ನಿದರ್ಶನ ಬೇಕಾಗಿಲ್ಲ.

ಹತ್ತು ವರ್ಷಕ್ಕೊಮ್ಮೆ ನಡೆಯುವ ಜನಗಣತಿಯಲ್ಲಿ ಸರಕಾರವೂ ನಮ್ಮ ಬಾಗಿಲಿಗೆ ಬಂದು ನಮ್ಮ ಬಗೆಗಿನ ಒಂದು ಸಣ್ಣ ಸಂಗತಿಯನ್ನು ಕೇಳುತ್ತದೆ: ತಾಯ್ನುಡಿ ಯಾವುದು? ಅದಕ್ಕೆ ಗಣತಿಯವರು ಕೊಡುವ ವ್ಯಾಖ್ಯೆ ಬಹಳ ಮನೋಹರವಾಗಿದೆ. ಬಾಲ್ಯದಲ್ಲಿ ತಾಯಿ ನಮ್ಮೊಡನೆ ಆಡಿದ ಭಾಷೆ ತಾಯ್ನುಡಿ; ತಾಯಿ ಎಳವೆಯಲ್ಲಿಯೇ ತೀರಿಕೊಂಡಿದ್ದರೆ ಬಾಲ್ಯದಲ್ಲಿ ಮನೆಯಲ್ಲಿ ಮುಖ್ಯವಾಗಿ ಆಡುತ್ತಿದ್ದ ಭಾಷೆ. ನಾವು ಕಲಿತದ್ದನ್ನು, ನಮಗೆ ಅನುಕೂಲವಾದದ್ದನ್ನು, ನೆರೆಯವರಿಗೆ ಹಿತವಾದದ್ದನ್ನು ಅಲ್ಲಿ ಕೇಳಿಲ್ಲ. ಅವ್ವ ಯಾವ ಮಾತಿನಲ್ಲಿ ನಮ್ಮನ್ನು ತೂಗಿದಳು ಎಂದಷ್ಟೇ ಕೇಳಿದ್ದಾರೆ. ಬಲ್ಲ ಇನ್ನೆರಡು ಭಾಷೆಗಳನ್ನು ಬರೆಯಿಸಲು ಬೇರೆಯೇ ಜಾಗವಿದೆ. ಮರಾಠಿಗೆ ಅಲ್ಲಿ ಗೌರವದ ಸ್ಥಾನ ಕಾದಿದೆ. ಆದ್ದರಿಂದ ಈ ಉತ್ತರ ಯಾರ ವಿರುದ್ಧವೂ ಆಡುವ ಮಾತಲ್ಲ. ಅದು ತಾಯಿಯನ್ನು ಕುರಿತು ಹೇಳುವ ಒಂದು ದಿಟ. ಅವಳು ಮರಾಠಿಯಲ್ಲಿ ತೂಗಿದ್ದರೆ ಮರಾಠಿಯೆಂದೇ ಬರೆಯಿಸಬೇಕು. ಕನ್ನಡದಲ್ಲಿ ತೂಗಿದ್ದರೆ ಕನ್ನಡವೆಂದು. ಅವಸರಕ್ಕೋ ಅನುಕೂಲಕ್ಕೋ ಇದನ್ನು ಬದಲಿಸಿದರೆ ಬದಲಾಗುವುದು ನಮ್ಮ ವಿಷಯವಲ್ಲ, ಅವಳದು.

ದ. ರಾ. ಬೇಂದ್ರೆಯವರ ಮನೆಮಾತು ಮರಾಠಿ. ಅವರು ಒಲಿದದ್ದು ಕನ್ನಡಕ್ಕೆ; 1973ರಲ್ಲಿ "ನಾಕುತಂತಿ"ಗೆ ಜ್ಞಾನಪೀಠ ಬಂದದ್ದು ಕನ್ನಡದಿಂದ. ಅವರು ತಮ್ಮ ಕವಿತೆಗಳಿಗೆ ಹಾಕಿದ ಅಂಕಿತ ಅಂಬಿಕಾತನಯದತ್ತ, ಅಂದರೆ ಅಂಬಿಕೆಯ ಮಗ ದತ್ತ. ಮರಾಠಿಯಲ್ಲಿ ತಮ್ಮನ್ನು ಬೆಳೆಸಿದ ತಾಯಿಯ ಹೆಸರನ್ನು ಅವರು ಕನ್ನಡ ಕಾವ್ಯದ ಮೇಲೆ ಬರೆದರು. ಪಡೆದದ್ದನ್ನು ಮುಚ್ಚಿಡದೆ, ಒಲಿದದ್ದನ್ನು ಬಿಡದೆ ಬಾಳುವ ದಾರಿ ಎರಡೂ ಕಡೆಯಿಂದ ತೆರೆದಿದೆ ಎಂಬುದನ್ನು ಗಡಿಯ ನಾವು ಇದರಿಂದ ಕಲಿಯಬಹುದು. ನಮ್ಮ ಹಿರಣ್ಯಕೇಶಿಯೂ ಅಂಬೋಲಿಯ ಘಟ್ಟದಲ್ಲಿ ಹುಟ್ಟಿ, ಆಜರಾ ಗಡಹಿಂಗ್ಲಜಗಳನ್ನು ದಾಟಿ, ಸಂಕೇಶ್ವರದ ಕಡೆಗೆ ಅದೇ ಹೆಸರಿನಿಂದ ಹರಿಯುತ್ತದೆ.

ಕೊನೆಗೆ ಕೇಳುವವರ ಪಾಲಿನ ಕರ್ತವ್ಯವನ್ನು ನೆನೆಯಬೇಕು. ಹಿರಿಯರು ಹೇಳುವುದಿಲ್ಲವೆಂದು ದೂರುವವರು ಎಷ್ಟು ಸಲ ಕೇಳಿದ್ದಾರೆ? ಹಬ್ಬಕ್ಕೆಂದು ಮಗ ಪುಣೆಯಿಂದ ಬರುತ್ತಾನೆ, ಮಗಳು ಬೆಂಗಳೂರಿನಿಂದ ಬರುತ್ತಾಳೆ; ಎರಡು ದಿನ ಉಂಡು, ಫೋಟೋ ತೆಗೆದುಕೊಂಡು ಹೋಗುತ್ತಾರೆ. ಟ್ರಂಕು ಅಟ್ಟದ ಮೇಲೆಯೇ ಉಳಿಯುತ್ತದೆ. ಈ ಸಮ್ಮೇಳನದಿಂದ ಮನೆಗೆ ಮರಳಿದ ಮೇಲೆ ಒಂದು ಸಂಜೆ ಅದನ್ನು ಕೆಳಗಿಳಿಸಿರಿ. ಕನ್ನಡ ಓದಬಲ್ಲ ಹಿರಿಯರಿಂದ ಬೀಗರ ಪತ್ರಗಳನ್ನು ಗಟ್ಟಿಯಾಗಿ ಓದಿಸಿರಿ. ಕೌದಿಯನ್ನು ಹಾಸಿ ಯಾವ ತುಂಡು ಯಾರದೆಂದು ಕೇಳಿರಿ. ಅಜ್ಜಿ ಬೆರಳಿಡದೆ ದಾಟಿದ ತುಂಡನ್ನು ನೀವೂ ದಾಟಿಬಿಡಿರಿ. ಅವರು ಹೇಳಿದ್ದನ್ನು ದೇವನಾಗರಿಯಲ್ಲಾದರೂ ಸರಿ, ಒಂದು ನೋಟುಬುಕ್ಕಿನಲ್ಲಿ ಬರೆದಿಡಿರಿ. ಮಕ್ಕಳು ಅದನ್ನು ಓದಿಕೊಂಡು ಕನ್ನಡ ಅಕ್ಷರಕ್ಕೆ ಬಂದಾರು. ಮುಂದಿನ ವರ್ಷದ ಸಭೆಯಲ್ಲಿ ಅದೇ ಮೂರು ಪ್ರಶ್ನೆಗಳು ಬಂದಾಗ ಹಿರಿಯರು ಸುಮ್ಮನಿದ್ದರೂ ಚಿಂತೆಯಿಲ್ಲ. ಪಕ್ಕದಲ್ಲಿ ಕುಳಿತ ಮೊಮ್ಮಗಳು ಎದ್ದು ನಿಂತು ಅವರ ಪರವಾಗಿ ಹೇಳಬಲ್ಲವಳಾಗಿರುತ್ತಾಳೆ.